ಮೊಳೆಗೆ ನೇತುಹಾಕಿದ ಅಂಗಿ

ನಮ್ಮ ವಠಾರದಲ್ಲಿ ಎಲ್ಲರಿಗೂ ಅವರು ಪಾಲಿಶ್ ಮಾವ. ಮರದ ಕುರ್ಚಿ, ಮೇಜುಗಳಿಗೆ ಪಾಲಿಶ್ ಹೊಡೆಯುವುದೇ ಅವರ ಕಸುಬು. ಸಂಜೆ ಅಂಗಡಿ ಮುಚ್ಚುವ ಮುನ್ನ ಕೈಗೆ ಮೆತ್ತಿದ ಪಾಲಿಶನ್ನು, ಅದನ್ನು ಕರಗಿಸುವ ಥಿನ್ನರ್ ಸುರಿದೇ ಉಜ್ಜುತ್ತಿದ್ದರು. ಬೇಡವೆಂದರೆ, "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಎನ್ನುತ್ತಿದ್ದರು. ಹಟಮಾರಿ ಮನುಷ್ಯ. ಗಾದೆ ಸಿಕ್ಕಿಬಿಟ್ಟರೆ ಬುದ್ಧಿಗೆ ರಜೆ.

ಮಕ್ಕಳಿರಲಿಲ್ಲ. ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಮರೆವಿನ ಕಾಯಿಲೆ. ಗಂಡನ ಮುಖವೂ ಮರೆತುಹೋಗಿತ್ತು, ವಾಸನೆಯೊಂದೇ ಉಳಿದಿತ್ತು. ಪಾಲಿಶ್ ವಾಸನೆ ಹೊಸಿಲು ದಾಟಿದರೆ ಸಾಕು, "ಬಂದ್ರಾ? ಕೈ ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ" ಅನ್ನುತ್ತಿದ್ದರು. ಬಡಿಸುತ್ತಿದ್ದವರು ಮಾವನೇ, ಬಿಡಿ. ಆದರೂ ದಿನವಿಡೀ ಅವರು ಕಾಯುತ್ತಿದ್ದದ್ದು ಆ ಒಂದು ಮಾತಿಗೆ.

ಮಾವನ ಕೈ ಬಿರುಕುಬಿಟ್ಟು, ಒಂದು ದಿನ ತಲೆ ಸುತ್ತಿ ಬಿದ್ದಾಗ ನಾನೇ ಆಸ್ಪತ್ರೆಗೆ ಎಳೆದೊಯ್ದೆ. ಡಾಕ್ಟರಮ್ಮ ಅಂಗೈ ನೋಡಿ, "ಥಿನ್ನರ್ ಚರ್ಮದ ಎಣ್ಣೇನೇ ತೊಳೆದುಹಾಕುತ್ತೆ. ಆಮೇಲೆ ವಿಷಕ್ಕೆ ಬಾಗಿಲು ತೆರೆದಿಟ್ಟ ಹಾಗೆ" ಅಂದರು. ಥಿನ್ನರ್ ತಡೆಯುವ ಗವಸು ಹಾಕಬೇಕು, ಕೈಗೆ ಹತ್ತಿದರೆ ಅಡುಗೆ ಎಣ್ಣೆ ಸವರಿ ಒರೆಸಿ ಸೋಪಿನಲ್ಲಿ ತೊಳೆಯಬೇಕು, ಥಿನ್ನರಿನಲ್ಲಿ ನೆನೆದ ಅಂಗಿ ಮೈಮೇಲಿರಕೂಡದು. ಅತ್ತೆಯ ವಿಷಯ ನಾನು ಮೊದಲೇ ಹೇಳಿದ್ದೆ. ಮಾವ ಗಾದೆ ತೆಗೆಯುವಷ್ಟರಲ್ಲಿ, "ನೀವೇ ಮಲಗಿಬಿಟ್ರೆ ನಿಮ್ಮ ಹೆಂಡ್ತೀನ ನೋಡ್ಕೊಳ್ಳೋರು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

ಮಾವ ಎಲ್ಲವನ್ನೂ ಪಾಲಿಸಿದರು. ಬಿರುಕು ಮಾಯಿತು. ಆದರೆ ಬೇರೆ ಅಂಗಿ ತೊಟ್ಟು, ಪಾಲಿಶ್ ವಾಸನೆಯಿಲ್ಲದೆ ಮನೆಗೆ ಬಂದ ಮೊದಲ ಸಂಜೆಯೇ ಅತ್ತೆ ಗೋಡೆಗೆ ಒತ್ತಿ ನಿಂತು, "ಯಾರು ನೀವು? ನಮ್ಮನೆಯವರು ಇನ್ನೂ ಬಂದಿಲ್ಲ, ಆಮೇಲೆ ಬನ್ನಿ" ಅಂದರು.

ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. "ನನ್ನ ಮನೇಲಿ ನಾನೇ ನೆಂಟ ಆಗ್ಬಿಟ್ಟೆ ಕಣಪ್ಪ" ಎಂದು ನಗಲು ನೋಡಿದರು. ನನಗೆ ನಗು ಬರಲಿಲ್ಲ.

ಮತ್ತೆ ಥಿನ್ನರ್ ಡಬ್ಬಕ್ಕೆ ಕೈ ಹಾಕುತ್ತಾರೇನೋ ಎಂದು ಹೆದರಿದ್ದೆ. ಹಾಗೆ ಮಾಡಲಿಲ್ಲ. ಕೆಲಸದ ಹಳೇ ಅಂಗಿಯೊಂದನ್ನು ಒಗೆದು, ಬಿಸಿಲಿಗೆ ಒಣಗಿಸಿ ತಂದರು. ವರ್ಷಗಟ್ಟಲೆ ಹಿಡಿದ ಪಾಲಿಶ್ ವಾಸನೆ ಅದರಲ್ಲಿ ಇನ್ನೂ ಉಳಿದಿತ್ತು. ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

ಅತ್ತೆ ಎದ್ದು ಬಂದು ಅಂಗಿಯ ತೋಳು ಹಿಡಿದುಕೊಂಡರು. ಮುಖ ಅರಳಿತು.

"ಬಂದ್ರಾ? ಕೈ ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ" ಎಂದು ಅಂಗಿಗೆ ಹೇಳಿದರು.

ಪಕ್ಕದಲ್ಲೇ ನಿಂತಿದ್ದ ಮಾವ "ಹೂಂ" ಎಂದು, ತೊಳೆದ ಕೈಯನ್ನೇ ಮತ್ತೆ ತೊಳೆಯಲು ಬಚ್ಚಲಿಗೆ ಹೋದರು.