ಕಳ್ಳ ಹೆಡ್ಡ ಅಂತ ಬರೆದವಳು ನಾನೇ

ಪತ್ತೇದಾರಿ ಕಾದಂಬರಿ ಓದುವವರಿಗೆ ಬೇರೆ ಕೆಲಸವಿಲ್ಲ ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನಗೆ ಕೆಲಸವಿತ್ತು. ಯಜಮಾನರು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುವ ಹೊತ್ತಿಗೆ ನಾನು ನೀರು ಸೇದಿ, ಮುದ್ದೆ ಕಟ್ಟಿ, ಹುರುಳಿ ಸಾರು ಕುದಿಸಿ, ಅವರ ಬುತ್ತಿ ತುಂಬಿ ಕಳಿಸಿರುತ್ತಿದ್ದೆ. ಅದೆಲ್ಲ ಮುಗಿದ ಮೇಲೆ ಓದುತ್ತಿದ್ದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ನನ್ನ ತವರು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಎಂಟನೇ ಕ್ಲಾಸಿನವರೆಗೆ ಓದಿಸಿ ಮದುವೆ ಮಾಡಿದರು. ಯಜಮಾನರು ಚಿನ್ನದ ಗಣಿಯ ಮಿಲ್ಲಿನಲ್ಲಿ, ಅಂದರೆ ಕಲ್ಲು ಅರೆದು ಚಿನ್ನ ತೆಗೆಯುವ ಜಾಗದಲ್ಲಿ, ಕೂಲಿ. ಸಹಿ ಹಾಕುವಷ್ಟು ಮಾತ್ರ ಅಕ್ಷರ ಬಲ್ಲವರು. ರಾಬರ್ಟ್‌ಸನ್‌ಪೇಟೆಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಒಂದು ಅಂಗಡಿ ಇತ್ತು. ಓದಿದ್ದನ್ನು ಅವರು ಬೆಳಿಗ್ಗೆ ಬುತ್ತಿಚೀಲದಲ್ಲಿ ಹಾಕಿಕೊಂಡು ಹೋಗಿ, ಶಿಫ್ಟು ಮುಗಿದ ಮೇಲೆ ಅಂಗಡಿಗೆ ಕೊಟ್ಟು, ಹೊಸದು ತರುತ್ತಿದ್ದರು. ಭಾನುವಾರ ನಾನು ಜೋರಾಗಿ ಓದುತ್ತಿದ್ದೆ, ಅವರು ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದರು.

ಅಂಗಡಿಯವರು ತಮ್ಮ ಪುಸ್ತಕ ಒಂದನ್ನೂ ಓದಿದವರಲ್ಲ. ಗಿರಾಕಿಗಳಿಗೆ ಏನು ಹೇಳಿ ಕೊಡುವುದೆಂದು ತಿಳಿಯದೆ, ನಿಮ್ಮ ಮನೆಯವರಿಗೆ ಪುಸ್ತಕ ಹೇಗನ್ನಿಸಿತು ಅಂತ ಚೀಟಿ ಬರೆದು ಇಡೋಕೆ ಹೇಳಿ ಎಂದು ಯಜಮಾನರಿಗೆ ಹೇಳಿ ಕಳಿಸಿದರು. ಅಲ್ಲಿಂದ ಶುರುವಾಯಿತು. ಪ್ರತಿ ಪುಸ್ತಕದಲ್ಲೂ ನನ್ನದೊಂದು ಚೀಟಿ.

ನಾನು ದಾಕ್ಷಿಣ್ಯ ಇಟ್ಟುಕೊಂಡು ಬರೆದವಳಲ್ಲ. ಹತ್ತು ಜನರಿರುವ ಮನೆಯಲ್ಲಿ ಕೊಲೆಯಾಗುತ್ತದೆ, ಪತ್ತೇದಾರ ಬಂದು ಸಿಗರೇಟು ಹಚ್ಚಿ ಕಿಟಕಿಯಾಚೆ ನೋಡುತ್ತಾನೆ, ಅಡುಗೆಯವಳನ್ನು ಒಂದು ಮಾತು ಕೇಳುವುದಿಲ್ಲ. ಯಾರು ಊಟ ಬಿಟ್ಟರು, ಯಾರು ಎರಡು ಸಲ ಕೈ ತೊಳೆದರು ಎಂದು ಅವಳಿಗೆ ಗೊತ್ತಿರುವುದಿಲ್ಲವೇ? ರಕ್ತ ಅಂಟಿದ ಸೀರೆಯನ್ನು ಒಗೆದವರು ಯಾರೆಂಬ ಪ್ರಶ್ನೆ ಒಬ್ಬ ಲೇಖಕನಿಗೂ ಹೊಳೆಯಲಿಲ್ಲ. ಇನ್ನೊಂದರಲ್ಲಿ ನಾಯಕಿ ಇನ್ನೂರು ಪುಟ ಕೆಮ್ಮಿ ಕೆಮ್ಮಿ ಸತ್ತಳು. ಅವಳನ್ನು ಎರಡನೇ ಅಧ್ಯಾಯದಲ್ಲೇ ಆಸ್ಪತ್ರೆಗೆ ಸೇರಿಸಿದ್ದರೆ ನಮಗೆಲ್ಲ ಉಪಕಾರವಾಗುತ್ತಿತ್ತು ಎಂದು ಬರೆದೆ. ಚೆನ್ನಾಗಿದ್ದರೆ ಹಾಗೆಂದೂ ಬರೆದಿದ್ದೇನೆ. ಅಂಥ ಚೀಟಿಗಳು ಕಡಿಮೆ.

ಹೀಗಿರುವಾಗ ಚಿನ್ನ ಕದಿಯುವವನ ಕಥೆಯೊಂದು ಬಂತು. ಕಳ್ಳ ಚಿನ್ನವನ್ನು ಬೂಟಿನ ಹಿಮ್ಮಡಿಯಲ್ಲಿ ಇಟ್ಟುಕೊಂಡು ಕೊನೆಗೆ ಸಿಕ್ಕಿಬೀಳುತ್ತಾನೆ. ನನಗೆ ಮೈ ಉರಿಯಿತು. ಬರೆದೆ: "ಈ ಕಳ್ಳ ಹೆಡ್ಡ. ಬೂಟು ಎಲ್ಲರೂ ಮೊದಲು ನೋಡುವ ಜಾಗ. ನಾನಾಗಿದ್ದರೆ ಬುತ್ತಿಯಲ್ಲಿ ಉಳಿದ ತಂಗಳು ಮುದ್ದೆಯೊಳಗೆ ಇಟ್ಟು ತರುತ್ತಿದ್ದೆ. ಅದನ್ನು ಯಾವ ಸಾಹೇಬ ಮುಟ್ಟುತ್ತಾನೆ? ಮುಂದಿನದು ಇದಕ್ಕಿಂತ ಚೆನ್ನಾಗಿರಲಿ."

ಗಣಿಯ ಗೇಟಿನಲ್ಲಿ ಶಿಫ್ಟು ಬಿಟ್ಟವರನ್ನೆಲ್ಲ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಪುಸ್ತಕವನ್ನೂ ಒದರಿ ನೋಡುವುದು ವಾಡಿಕೆ, ಹಾಳೆಗಳ ನಡುವೆ ಚಿನ್ನದ ಪುಡಿ ಇರಬಹುದೆಂದು. ಅಲ್ಲಿಯವರೆಗೆ ಚೀಟಿ ಬಿದ್ದರೆ ಕಾವಲುಗಾರ ಎತ್ತಿ ವಾಪಸು ಇಡುತ್ತಿದ್ದ. ಅವನಿಗೆ ಬರುತ್ತಿದ್ದದ್ದು ತಮಿಳು ಓದು ಮಾತ್ರ. ಆ ದಿನ ಪಕ್ಕದಲ್ಲಿ ಹೊಸದಾಗಿ ಬಂದ ಅಧಿಕಾರಿ ನಿಂತಿದ್ದರು, ಮೈಸೂರು ಕಡೆಯವರು. ಚೀಟಿಯನ್ನು ಅವರು ಓದಿದರು.

ಯಜಮಾನರು ಎರಡು ರೈಲು ತಪ್ಪಿಸಿಕೊಂಡು ಮನೆಗೆ ಬಂದರು. ಬುತ್ತಿಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದರು.

"ನಿನ್ ಚೀಟಿ ಸಾಹೇಬರ ತಾವ ಐತೆ. ನನ್ ಎಂಡ್ತಿ ಬರ್ದಿದ್ದು ಅಂದ್ರೆ ನಂಬಲಿಲ್ಲ. ನಾಳೆ ಕೆಲ್ಸಕ್ಕೆ ಬರಬ್ಯಾಡ, ಅವಳನ್ನ ಕರ್ಕೊಂಡು ಆಪೀಸಿಗೆ ಬಾ ಅಂದವ್ರೆ."

"ಕೆಲ್ಸ ಓಯ್ತದಾ?"

"ಓಗ್ಬೋದು."

ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಬೈಯಲಿಲ್ಲ. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಪುಸ್ತಕದಲ್ಲಿರುವ ಕಳ್ಳನನ್ನು ಹೆಡ್ಡ ಎಂದರೆ ನಮ್ಮ ಅನ್ನಕ್ಕೆ ಕಲ್ಲು ಬೀಳಬೇಕೇ?

ಮಾರನೇ ದಿನ ಆಫೀಸಿನಲ್ಲಿ ಅಧಿಕಾರಿ ನನ್ನನ್ನು ಕೂರಿಸಿದರು, ಯಜಮಾನರನ್ನು ನಿಲ್ಲಿಸಿದರು. ಮೇಜಿನ ಮೇಲೆ ಆ ಪುಸ್ತಕವೂ ನನ್ನ ಚೀಟಿಯೂ ಇದ್ದವು.

"ಈ ಯೋಚನೆ ನಿಮಗೆ ಹೇಳಿಕೊಟ್ಟವರು ಯಾರಮ್ಮ?"

"ಯಾರೂ ಇಲ್ಲ ಸಾರ್. ಮನೇಲಿ ಬೆಲ್ಲ ಬಚ್ಚಿಡೋಳು ನಾನೇ. ಯಾರಿಗೂ ಮುಟ್ಟಕ್ಕೆ ಮನಸ್ಸು ಬರದಿರೋ ಕಡೆ ಇಡಬೇಕು ಅಂತ ಗೊತ್ತಿರಲ್ವಾ?"

"ಮುಂದಿನದು ಚೆನ್ನಾಗಿರಲಿ ಅಂದರೆ ಏನು ಅರ್ಥ?"

"ಮುಂದಿನ ಪುಸ್ತಕ ಸಾರ್. ಆ ಪುಸ್ತಕ ನೀವೇ ಓದಿ ನೋಡಿ. ಕಳ್ಳ ಹೆಡ್ಡ ಅಲ್ಲ ಅಂತ ನಿಮಗನ್ನಿಸಿದ್ರೆ ನನ್ನ ಮಾತು ವಾಪಸ್ ತಕ್ಕೊತೀನಿ."

ಅವರು ಓದಿದ್ದರೆಂದು ಕಾಣುತ್ತದೆ, ಆ ಮಾತನ್ನು ಮುಂದುವರಿಸಲಿಲ್ಲ. ಹೆಂಗಸರಿಗೆ ಇಂಥ ಪುಸ್ತಕ ಯಾಕೆ, ಪುರಾಣ ಓದಬಾರದೇ ಎಂದರು.

"ಪುರಾಣದಲ್ಲೂ ಕೊಲೆ ಐತೆ ಸಾರ್. ಯಾರು ಮಾಡಿದ್ದು ಅಂತ ಮೊದಲೇ ಗೊತ್ತಿರ್ತದೆ, ಅಷ್ಟೆ."

ಬಾಗಿಲಲ್ಲಿದ್ದ ಕಾವಲುಗಾರ ಕೆಮ್ಮಿದ. ಅಧಿಕಾರಿಗೆ ನಗು ಬರಲಿಲ್ಲ. ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ತಳ್ಳಿದರು. ಇನ್ನು ಮೇಲೆ ಇಂಥ ಪುಸ್ತಕ ಓದುವುದಿಲ್ಲ ಎಂದು ಬರೆದುಕೊಟ್ಟರೆ ಇಲ್ಲಿಗೆ ಮುಗಿಸುತ್ತೇನೆ, ಇಲ್ಲದಿದ್ದರೆ ಮೇಲಿನವರಿಗೆ ಕಳಿಸುತ್ತೇನೆ ಎಂದರು.

ಮೇಲಿನವರಿಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಪೆನ್ನು ಹಿಡಿದೆ. "ನಾನು ಇನ್ನು ಮುಂದೆ" ಎಂದು ಬರೆದೆ. ಅವಮಾನದಿಂದ ಕಣ್ಣು ಉರಿಯುತ್ತಿತ್ತು, ಆದರೂ ಬರೆದೇ ಬಿಡುತ್ತಿದ್ದೆ.

"ಅದು ಬ್ಯಾಡ ಸಾರ್," ಅಂದರು ಯಜಮಾನರು.

ಮೇಸ್ತ್ರಿ ಬೈದರೂ ತಲೆಯೆತ್ತದ ಮನುಷ್ಯ. ರೈಲಿನಲ್ಲಿ ಯಾರಾದರೂ ಸ್ವಲ್ಪ ಸರಿದುಕೋ ಅಂದರೆ ತಮ್ಮ ಜಾಗ ಬಿಟ್ಟು ಎದ್ದು ನಿಲ್ಲುವವರು. ಆಗಲೂ ತಲೆಯೆತ್ತಲಿಲ್ಲ, ನೆಲ ನೋಡುತ್ತಲೇ ಮಾತಾಡಿದರು.

"ಚೀಟಿ ಇಡಲ್ಲ ಅಂತ ಬರ್ಸ್ಕೊಳ್ಳಿ, ತಪ್ಪಾಯ್ತು. ಓದಲ್ಲ ಅಂತ ಬರ್ಸ್ಕೋಬ್ಯಾಡಿ. ಅವಳು ಓದ್ತಾಳೆ, ನಾನು ಕೇಳ್ತೀನಿ. ಅದು ನಮ್ಮನೆ ಇಚಾರ. ಕೆಲ್ಸದಿಂದ ತೆಗೀತೀರಾ, ತೆಗೀರಿ ಸಾರ್. ಮೂಟೆ ಒರ್ತೀನಿ."

ಅಧಿಕಾರಿ ನನ್ನ ಮುಂದಿದ್ದ ಹಾಳೆಯನ್ನು ಎಳೆದುಕೊಂಡು ಇನ್ನೊಂದನ್ನು ಇಟ್ಟರು. ಆಮೇಲೆ ಗಣಿಯೊಳಗೆ ಹೋಗುವ ಪುಸ್ತಕದಲ್ಲಿ ಚೀಟಿ ಇಡುವುದಿಲ್ಲ ಎಂದಷ್ಟೇ ಬರೆಯಲು ಹೇಳಿದರು. ನಾನು ಬರೆದೆ, ಯಜಮಾನರು ಕೆಳಗೆ ಸಹಿ ಹಾಕಿದರು. ಕೆಲಸ ಉಳಿಯಿತು, ಮಿಲ್ಲು ಉಳಿಯಲಿಲ್ಲ. ಚಿನ್ನದ ಹತ್ತಿರ ಬೇಡವೆಂದು ಅವರನ್ನು ಮರದ ದಿಮ್ಮಿ ಹೊರುವ ಅಂಗಳಕ್ಕೆ ಹಾಕಿದರು. ಹೆಗಲ ಚರ್ಮ ದಪ್ಪಗಾಯಿತು. ಇದು ನಿನ್ನಿಂದ ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಗೇಟಿನಲ್ಲಿ ಕೆಲವು ತಿಂಗಳು ಎಲ್ಲರ ತಂಗಳು ಮುದ್ದೆಗೂ ಕಡ್ಡಿ ಚುಚ್ಚಿ ನೋಡಿದರಂತೆ. ಅದೊಂದಕ್ಕೆ ನಾನು ಇವತ್ತಿಗೂ ಆ ಕೂಲಿಗಳ ಕ್ಷಮೆ ಕೇಳುತ್ತೇನೆ. ಉಳಿದ ಯಾವುದಕ್ಕೂ ಇಲ್ಲ.

ಆ ದಿನ ಆಫೀಸಿನಿಂದ ಹೊರಬಂದು ನಾನು ಸ್ಟೇಷನ್ ಕಡೆ ತಿರುಗಿದೆ. ಅವರು ರಾಬರ್ಟ್‌ಸನ್‌ಪೇಟೆ ಕಡೆ ನಡೆದರು, ನಾನು ಹಿಂದೆ ಹೋದೆ. ಪುಸ್ತಕದಂಗಡಿಯೊಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಗೋಡೆ ತುಂಬ ಪುಸ್ತಕ. ಅಂಗಡಿಯವರು ಎಂದಿನಂತೆ ಒಂದನ್ನು ತೆಗೆದು ಕೊಡಲು ಎದ್ದರು.

"ನೀವು ಬಿಡಿ ಅಣ್ಣ," ಅಂದರು ಯಜಮಾನರು. "ಅವಳೇ ಆರಿಸ್ಕೊಂತಾಳೆ."

ಹೊದಿಕೆಯ ಮೇಲೆ ದೊಡ್ಡ ಚಾಕುವಿನ ಚಿತ್ರ ಇದ್ದದ್ದನ್ನು ಆರಿಸಿದೆ. ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಚಿತ್ರ ಎದುರಿಗೆ ಕಾಣುವ ಹಾಗೆ ಎದೆಗೆ ಹಿಡಿದುಕೊಂಡು, ಸಂತೆಯ ಜನರ ನಡುವೆ ಸ್ಟೇಷನ್ನಿನವರೆಗೂ ನಡೆದೆ.