ಬೆಲ್ಟಿನ ಮುಂದೆ ನಿಂತುಹೋದ ಕಣ್ಣು

ಕುಶಾಲನಗರದ ಕಣ್ಣಿನ ಡಾಕ್ಟರ ಮೇಜಿನ ಮೇಲೆ ಒಂದು ಡಬ್ಬ ಇತ್ತು. ಉದ್ದುದ್ದ ಕಪ್ಪು ಬಿಳಿ ಪಟ್ಟೆ, ಮೇಲೊಂದು ಹಿಡಿಕೆ. ತಲೆಸುತ್ತು ಅಂತ ಹೋದ ನನ್ನ ಮುಂದೆ ಅದನ್ನು ಗಿರಗಿರ ತಿರುಗಿಸಿ, "ಸುಮ್ಮನೆ ನೋಡ್ತಾ ಇರಿ" ಅಂದರು. ನೋಡಿದೆ. ನನ್ನ ಕಣ್ಣು ಏನು ಮಾಡುತ್ತಿದೆ ಅಂತ ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ಅದನ್ನು ಕಲಿಸಿದವಳು ಕಾಫಿ ಶೆಡ್ಡಿನ ಅಕ್ಕ.

ಆಗ ನಾನು ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೊಸಬಳು. ಬೆಲ್ಟಿನ ಮೇಲೆ ಬೀಜ ಹರಿದು ಬರುತ್ತಿತ್ತು. ಎರಡೂ ಕಡೆ ಕೂತ ಹೆಂಗಸರು ಕಪ್ಪು, ಒಡಕು, ಹುಳ ತಿಂದದ್ದು ಎಲ್ಲ ಹೆಕ್ಕಿ ತೆಗೆಯಬೇಕು. ಮೊದಲ ದಿನ ಅರ್ಧ ಗಂಟೆಗೇ ನನಗೆ ವಾಂತಿ ಬರುವ ಹಾಗಾಯಿತು. ಬೆಲ್ಟ್ ನಿಂತರೆ ನೆಲವೇ ಹಿಂದಕ್ಕೆ ಓಡುತ್ತಿತ್ತು. ಪಕ್ಕದಲ್ಲಿದ್ದ ಅಕ್ಕ ನನ್ನ ಗಲ್ಲ ಹಿಡಿದು ಎದುರು ಕೂತವಳ ಕಡೆ ತಿರುಗಿಸಿದಳು. "ಕೈ ನೋಡ್ಬೇಡ, ಕೈ ಸುಳ್ಳು ಹೇಳುತ್ತೆ. ಅವ್ಳ ಕಣ್ಣು ನೋಡು. ಬೀಜದ ಜೊತೆ ಜಾರುತ್ತೆ, ಟಕ್ ಅಂತ ವಾಪಸ್ ನೆಗೆಯುತ್ತೆ. ಜಾರದ ಕಣ್ಣು ಏನೂ ನೋಡ್ತಿಲ್ಲ ಅಂತ ತಿಳ್ಕೋ." ಹೌದು ಮತ್ತೆ! ಸಾಲಿಗೆ ಸಾಲೇ ಕಣ್ಣುಗಳು ಜಾರಿ, ನೆಗೆದು, ಜಾರಿ, ನೆಗೆದು... ತಮ್ಮ ಕಣ್ಣು ಹೀಗೆ ಮಾಡುತ್ತಿದೆ ಅನ್ನುವ ಪರಿವೆ ಯಾರಿಗೂ ಇರಲಿಲ್ಲ.

ಕೆಲವು ವರ್ಷಕ್ಕೆ ನಾನು ಸೂಪರ್‌ವೈಸರ್ ಆದೆ. ನಾಲ್ಕಕ್ಷರ ಓದಿದ್ದೆ, ಬಾಯಿ ಜೋರಿತ್ತು, ಅಷ್ಟೇ ನನ್ನ ಯೋಗ್ಯತೆ. ಒಂದು ದಿನ ಅಕ್ಕನಿಗೆ, "ಕಪ್ಪು ಬೀಜ ಬಿಡ್ತಾ ಇದ್ದೀಯ" ಅಂದೆ. "ಮೂಗು ಒರೆಸ್ಕೊಳ್ಳೋಕೆ ಬರದಾಗ ನಿಂಗೆ ಬೆಲ್ಟ್ ತೋರಿಸಿದವ್ಳು ನಾನು. ಹೋಗೇ ಸಾಕು" ಅಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆವತ್ತಿನಿಂದ ಅವಳ ಕಣ್ಣನ್ನೇ ಕಾದೆ. ಬೆಲ್ಟ್ ಓಡುತ್ತಿತ್ತು, ಅವಳ ಕಣ್ಣು ನಿಂತಿತ್ತು. ಕಣ್ಣುಗುಡ್ಡೆಯ ನಡುವೆ ಗಂಜಿಯ ಹಾಗೆ ಬಿಳಿ ಕಟ್ಟಿತ್ತು. ಬೆರಳು ಮಾತ್ರ ಬೀಜದ ಮೇಲೆ ತಡವುತ್ತಿತ್ತು. ಒಡಕು, ಕಲ್ಲು, ಕಡ್ಡಿ ಬೆರಳಿಗೆ ಸಿಗುತ್ತವೆ, ಬಣ್ಣ ಸಿಗುವುದಿಲ್ಲ. ಕಪ್ಪನ್ನು ಪಕ್ಕದವಳು ಇಬ್ಬರ ಪಾಲಿನದೂ ಹೆಕ್ಕುತ್ತಿದ್ದಳು. ಅಕ್ಕನಿಗೆ ಗಂಡ ಇರಲಿಲ್ಲ. ಮಗಳು ಅಳಿಯ ಅಮ್ಮತ್ತಿ ಕಡೆ ಎಸ್ಟೇಟಿನ ಲೈನ್ ಮನೆಯಲ್ಲಿದ್ದರು. "ಆ ಅಳಿಯನ ಅನ್ನಕ್ಕೆ ಕೈ ಒಡ್ಡೋದಕ್ಕಿಂತ ಇಲ್ಲೇ ಸಾಯ್ತೀನಿ" ಅನ್ನುತ್ತಿದ್ದಳು. ಈ ಕೆಲಸ ಹೋದರೆ ಅವಳು ಎಲ್ಲಿಗೆ ಹೋಗಬೇಕಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಪಕ್ಕದವಳನ್ನು ಎಬ್ಬಿಸಿ ಆ ತುದಿಗೆ ಕೂರಿಸಿದೆ. ಮ್ಯಾನೇಜರನ್ನು ಕರೆತಂದೆ. ಹೆಕ್ಕಿ ತೆಗೆದ ಬೀಜದ ಚೀಲದಿಂದ ಒಂದು ಬೊಗಸೆ ಕಪ್ಪು ಬೀಜ ತಂದು ಬೆಲ್ಟಿನ ಮೇಲೆ ಹರಡಿದೆ. ಅದು ಅವಳ ಮೂಗಿನ ಕೆಳಗೇ ಹಾದುಹೋಯಿತು. "ಅಕ್ಕಾ, ಈಗ ಏನು ಹೋಯ್ತು?" ಅಂದೆ.

ಅವಳಿಗೆ ತಿಳಿದುಹೋಯಿತು. ಅಯ್ಯೋ, ಆಗ ಅವಳು ಮಾಡಿದ್ದು... ಕಣ್ಣು ಆಡಿಸತೊಡಗಿದಳು. ನನಗೆ ಕಲಿಸಿದ್ದನ್ನೇ ನನ್ನೆದುರು ನಟಿಸಿದಳು. ಆದರೆ ಕಾಣದ ಕಣ್ಣಿಗೆ ಜಾರುವುದು ಬರುವುದಿಲ್ಲ. ಎಷ್ಟು ತಿಣುಕಿದರೂ ಬರೀ ನೆಗೆಯುತ್ತದೆ. ಟಕ್, ಟಕ್, ಟಕ್. "ನೆಗೆಯೋದೇನೋ ಇದೆ, ಜಾರೋದು ಎಲ್ಲಕ್ಕಾ?" ಅಂತ ಗಟ್ಟಿಯಾಗಿ ನಕ್ಕೆ. ಈ ಸಲ ನನ್ನೊಬ್ಬಳದೇ ನಗು. ಅವಳು ಏಪ್ರನ್ ಬಿಚ್ಚಿ, ಮಡಚಿ, ನಾನಿದ್ದೇನೆ ಅಂದುಕೊಂಡ ಕಡೆಗೆ ನೀಡಿದಳು. ನಾನು ಈ ಕಡೆ ನಿಂತಿದ್ದೆ. ಕೈ ಚಾಚಿ ತೆಗೆದುಕೊಳ್ಳಲೂ ಇಲ್ಲ.

ಮೂರು ತಿಂಗಳಿಗೆ ಅಮ್ಮತ್ತಿಯಿಂದ ಸುದ್ದಿ ಬಂತು. ಕೂತು ತಿನ್ನಬೇಡ ಅಂತ ಅಳಿಯ ಅವಳನ್ನೂ ಕಾಫಿ ಹಣ್ಣು ಕೀಳುವ ಪಿಕ್ಕಿಂಗಿಗೆ ಅಟ್ಟಿದ್ದನಂತೆ. ಬೆಳಿಗ್ಗೆ ಹೆಂಗಸರೆಲ್ಲ ಹೋಗುತ್ತಿದ್ದ ದಾರಿಗೆ ತೋಟದೊಳಗಿಂದ ಆನೆ ಇಳಿಯಿತಂತೆ. ಎಲ್ಲರೂ ಕೂಗಿಕೊಂಡು ಓಡಿದರಂತೆ. ಅವಳೂ ಓಡಿದಳಂತೆ, ಆನೆ ಬರುತ್ತಿದ್ದ ಕಡೆಗೇ... ಆನೆ ಕೊಂದಿತು ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದೆ. ನನ್ನ ಗಲ್ಲ ಹಿಡಿದು ಕೆಲಸ ಕಲಿಸಿದವರು ಅವಳಿಗಿಂತ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಡಾಕ್ಟರು ಡಬ್ಬ ಕೆಳಗಿಟ್ಟರು. "ಕಣ್ಣಿಗೇನೂ ಆಗಿಲ್ಲ, ಚೆನ್ನಾಗಿ ಓಡ್ತಿದೆ" ಅಂದರು. ಕೇಳಬಾರದಿತ್ತು, ಕೇಳಿದೆ. ವಯಸ್ಸಾದವರ ಕಣ್ಣು ಬೆಳ್ಳಗಾಗಿ, ಹೀಗೆ ಓಡದೆ ನಿಂತುಬಿಟ್ಟರೆ?

"ಪೊರೆ ಇರ್ಬೇಕು. ತೆಗೆದ್ರೆ ಸಾಮಾನ್ಯವಾಗಿ ಮತ್ತೆ ಕಾಣುತ್ತೆ. ಸಂಜೆಗೆ ಮನೆಗೇ ಹೋಗ್ಬಹುದು."

ಅದೇನು ನನಗೆ ಗೊತ್ತಿಲ್ಲದ್ದಲ್ಲ. ಅವಳನ್ನು ಕಳಿಸುವುದಕ್ಕೆ ವಾರ ಮೊದಲೇ ನಮ್ಮ ಶೆಡ್ಡಿನ ಗೇಟಿಗೆ ಬ್ಯಾನರ್ ಕಟ್ಟಿದ್ದರು, ಕಣ್ಣಿನ ಪೊರೆ ಉಚಿತವಾಗಿ ತೆಗೆಯುವ ಕ್ಯಾಂಪಿನದು. ಅಕ್ಕ ದಿನಾ ಅದರ ಕೆಳಗೇ ನಡೆದು ಕೆಲಸಕ್ಕೆ ಬರುತ್ತಿದ್ದಳು. ನಾನು ಅದನ್ನು ಓದಿದ್ದೆ. ಅವಳಿಗೆ ಹೇಳಲಿಲ್ಲ.