ಮಸ್ಕತ್‌ನಲ್ಲಿ ಸ್ಕಾಟ್ಲೆಂಡಿನ ಕ್ರಿಸ್ಮಸ್

ಕ್ರಿಸ್ಮಸ್ ದಿನ ಬೆಳಿಗ್ಗೆ ಗಂಡ ಟಿಫಿನ್ ಹಿಡಿದು ಆಫೀಸಿಗೆ ಹೊರಡುವುದನ್ನು ನಾನು ಮೊದಲು ಕಂಡದ್ದು ಮಸ್ಕತ್‌ನಲ್ಲಿ. ಎಂಬತ್ತರ ದಶಕದ ಮಧ್ಯಭಾಗ, ಮಂಗಳೂರು ಬಿಟ್ಟ ಮೊದಲ ವರ್ಷ. ಅಲ್ಲಿ ವಾರದ ರಜೆ ಶುಕ್ರವಾರ. ನಮ್ಮ ಚರ್ಚಿನ ಸಂಡೇ ಮಾಸ್ ಕೂಡ ಶುಕ್ರವಾರವೇ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಆದರೆ ಕ್ರಿಸ್ಮಸ್?

"ಜನವರಿಯಲ್ಲಿ ನನ್ನನ್ನು ಊರಿಗೆ ಕಳಿಸಿ ಬಿಡಿ," ಎಂದು ಬಾಗಿಲಲ್ಲೇ ಹೇಳಿದೆ.

"ಸಂಜೆ ಮಾತಾಡುವ," ಎಂದು ವಿನ್ಸಿ ಮೆಟ್ಟಿಲಿಳಿದರು.

ವಾದಿ ಅದಾಯ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ಟೈರ್ ಅಂಗಡಿ. ಎದುರು ಫ್ಲ್ಯಾಟಿನಲ್ಲಿ ಸ್ಕಾಟ್ಲೆಂಡಿನ ಜೀನ್, ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದ ನರ್ಸ್. ಅವಳಿಗೆ ಕುಸ್ವಾರ್, ಅಂದರೆ ನಮ್ಮವರ ಕ್ರಿಸ್ಮಸ್ ತಿಂಡಿಗಳ ತಟ್ಟೆ, ಕೊಡಲು ಹೋದೆ. ನನ್ನ ಕಣ್ಣು ನೋಡಿ ಒಳಗೆ ಕೂರಿಸಿದಳು.

"ನಾನು ಚಿಕ್ಕವಳಿದ್ದಾಗ ಅಪ್ಪ ಕೂಡ ಈ ದಿನ ಕೆಲಸಕ್ಕೆ ಹೋಗ್ತಿದ್ರು, ಡಿಯರ್. ನಮ್ಮಲ್ಲಿ ಹಬ್ಬ ನಿಲ್ಲಿಸಿದ್ದು ನಮ್ಮ ಚರ್ಚೇ, ಬೈಬಲಿನಲ್ಲಿ ಇಲ್ಲ ಅಂತ."

ಕಾನ್ವೆಂಟಿನ ಹಿಸ್ಟರಿ ಕ್ಲಾಸಿನಲ್ಲಿ ಸ್ಕಾಟ್ಲೆಂಡಿನ ರಿಫಾರ್ಮೇಶನ್‌ನವರೆಂದರೆ ಮೂರ್ತಿ ಒಡೆದವರು, ರಾಣಿಯನ್ನು ಓಡಿಸಿದವರು, ಅಷ್ಟೇ. ಜೀನ್ ಹೇಳಿದ್ದು ಬೇರೆಯೇ ಲೋಕ. ನಾನೂರು ವರ್ಷಗಳ ಹಿಂದೆ ಪೋಪನ ಅಧಿಕಾರ ಹೋದ ಮೇಲೆ ಅಲ್ಲಿ ಊರೂರಿಗೂ ಎಲ್ಡರ್ಸ್, ಅಂದರೆ ಹಿರಿಯರದೊಂದು ಸಭೆ, 'ಕರ್ಕ್ ಸೆಷನ್'. ಕರ್ಕ್ ಎಂದರೆ ಅವರ ಮಾತಿನಲ್ಲಿ ಚರ್ಚು. ಭಾನುವಾರ ಬಟ್ಟೆ ಒಗೆದವರು, ನೆರೆಯವರ ಜತೆ ಜಗಳವಾಡಿದವರು, ಎಲ್ಲರಿಗೂ ಅಲ್ಲಿ ವಿಚಾರಣೆ. ತಪ್ಪು ಮಾಡಿದವರು ಪ್ರಾರ್ಥನೆಯ ಹೊತ್ತಿಗೆ ಊರೆಲ್ಲ ನೋಡುವಂತೆ ಸ್ಟೂಲಿನ ಮೇಲೆ ಕೂರಬೇಕು. ಕ್ರಿಸ್ಮಸ್ ಬ್ರೆಡ್ ಯಾರಿಗೆ ಮಾಡಿಕೊಟ್ಟೆ ಎಂದು ಬೇಕರಿಯವನನ್ನೂ ಕೇಳುತ್ತಿದ್ದರಂತೆ.

"ಕ್ರೂಯೆಲ್ ಜನ," ಎಂದೆ.

"ಹೌದು. ಆದ್ರೆ ಬಡವರಿಗೆ ಕಾಣಿಕೆ ಹಂಚಿದ್ದೂ ಅವ್ರೇ. ಊರಿಗೊಂದು ಸ್ಕೂಲ್ ಬೇಕು ಅಂತ ಹಟ ಹಿಡಿದದ್ದೂ ಅವ್ರೇ. ನನ್ನಜ್ಜಿ ಮೀನು ಕೊಯ್ಯುವವಳು. ಬೈಬಲ್ ಹೇಗೆ ಓದ್ತಿದ್ಳು ಗೊತ್ತಾ?"

ಎದ್ದು ಹೋಗಿ ಕರ್ಟನ್ ಎಳೆದಳು. "ಎಲ್ಡರ್ಸ್ ನೋಡಿದ್ರೆ ಕಷ್ಟ," ಎಂದು ತಟ್ಟೆಯಿಂದ ಎಳ್ಳುಬೆಲ್ಲದ ಕರ್ಜಿಕಾಯಿ, ನಮ್ಮ ನೆವ್ರಿ, ತೆಗೆದು ಕಚ್ಚಿದಳು. ಬೆಳಗಿನಿಂದ ಮೊದಲ ಸಲ ನಕ್ಕೆ.

ಸಂಜೆ ವಿನ್ಸಿ ಶೂ ಬಿಚ್ಚುತ್ತಾ ಕೇಳಿದರು, "ಟಿಕೆಟ್ ಮಾಡಿಸುವುದಾ ಹೇಗೆ, ಲಿಲ್ಲಿ?"

"ಈಸ್ಟರ್ ಆಗ್ಲಿ ಮಾರಾಯ್ರೆ. ಅದಕ್ಕಾದ್ರೂ ರಜೆ ಉಂಟಾ ನೋಡುವ."

ಆ ಶುಕ್ರವಾರ ಚರ್ಚಿಗೆ ಜೀನ್‌ಳ ಕಾರಿನಲ್ಲೇ ಹೋದೆವು. ಸುಲ್ತಾನರು ಕೊಟ್ಟ ಜಾಗ. ಅವಳ ಪ್ರಾಟೆಸ್ಟಂಟ್ ಚರ್ಚಿಗೂ ನಮ್ಮ ಕ್ಯಾಥೊಲಿಕ್ ಚರ್ಚಿಗೂ ಒಂದೇ ಗೇಟು. ಅವಳ ದೇಶದಲ್ಲಿ ಈ ಎರಡರ ನಡುವೆ ರಕ್ತ ಹರಿದಿತ್ತು. ಇಲ್ಲಿ ನಾವು ಜಗಳವಾಡಿದ್ದು ನೆರಳಿರುವ ಪಾರ್ಕಿಂಗಿಗಾಗಿ ಮಾತ್ರ. ಮರಳಿನ ಆ ದೇಶದ ದೊಡ್ಡತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಈಸ್ಟರಿಗೂ ರಜೆಯಿರಲಿಲ್ಲ. ನಾವು ಉಳಿದೆವು, ತೊಂಬತ್ತರ ದಶಕ ಮುಗಿಯುವವರೆಗೂ.

ಈಗ ಮಂಗಳೂರಿನಲ್ಲಿದ್ದೇನೆ. ವಿನ್ಸಿ ಇಲ್ಲ. ಶುಕ್ರವಾರ ಬೆಳಿಗ್ಗೆ ಒಳ್ಳೆಯ ಸೀರೆ ತೆಗೆದಿಟ್ಟು, ಆಮೇಲೆ ಇಲ್ಲಿ ಮಾಸ್ ಭಾನುವಾರವೆಂದು ನೆನಪಾಗಿ ಮಡಚುತ್ತೇನೆ. ಕ್ರಿಸ್ಮಸ್‌ಗೆ ಮನೆ ತುಂಬ ಜನ, ಎಲ್ಲರಿಗೂ ರಜೆ. ಮೊದಲ ನೆವ್ರಿ ಮಾತ್ರ ಕರ್ಟನ್ ಎಳೆದು ತಿನ್ನುತ್ತೇನೆ.

"ಎಂತ ಮಮ್ಮಿ, ಇಲ್ಲಿ ಯಾರು ನೋಡ್ತಾರೆ?" ಎನ್ನುತ್ತಾಳೆ ಸೊಸೆ.

ಯಾರೂ ಇಲ್ಲ. ಎದುರು ಮನೆಯ ಬಾಗಿಲೂ ಜೀನ್‌ಳದ್ದಲ್ಲ.